ಟವರ್ ಎರಡೇ ಕಿಲೋಮೀಟರ್ ದೂರ, ಆದರೂ ಅಮ್ಮನ ಫೋನಿಗೆ ಸಿಗ್ನಲ್ ಇಲ್ಲ

ಹಳ್ಳದಾಚೆ ಮನೆ · ಅಕ್ಟೋಬರ್ 24, ರಾತ್ರಿ 9:15

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಹತ್ತಿರ ನಮ್ಮ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ.

ಮನೆ ಹಿಂದಿನ ಗುಡ್ಡದ ಆಚೆ, ಡಾಂಬರು ರಸ್ತೆ ಪಕ್ಕ ಟವರ್ ಇದೆ. ನೇರ ಗೆರೆ ಎಳೆದರೆ ಎರಡು ಕಿಲೋಮೀಟರ್ ಕೂಡ ಆಗುವುದಿಲ್ಲ. ಆದರೂ ಮನೆಯಲ್ಲಿ ಸಿಗ್ನಲ್ ಬರುವುದು ಒಂದೇ ಜಾಗದಲ್ಲಿ, ಜಗಲಿಯ ಕಿಟಕಿ ಹತ್ತಿರ. ಅಮ್ಮ ಅಲ್ಲಿ ಕಿಟಕಿ ಸರಳಿಗೆ ಬಟ್ಟೆ ಚೀಲ ಕಟ್ಟಿ, ಫೋನ್ ಅದರಲ್ಲೇ ಇಡುತ್ತಾರೆ. ಫೋನ್ ಬಂದರೆ ಕೈಗೆ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದರೆ ಕಟ್. ಚೀಲಕ್ಕೇ ಕಿವಿ ಕೊಟ್ಟು, ಬಗ್ಗಿ ನಿಂತು ಮಾತಾಡುತ್ತಾರೆ. ಅಡುಗೆಮನೆಯಲ್ಲಿದ್ದರೆ ರಿಂಗ್ ಕೇಳುವುದೇ ಇಲ್ಲ. ನನಗೆ ಇಲ್ಲಿ ಸಿಗುವುದು «ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ» ಅನ್ನುವ ಹೆಂಗಸಿನ ಧ್ವನಿ ಮಾತ್ರ.

ಎರಡು ವಾರದ ಹಿಂದೆ ರಾತ್ರಿ ಬಚ್ಚಲಮನೆ ಮೆಟ್ಟಿಲಲ್ಲಿ ಅಮ್ಮ ಜಾರಿ ಬಿದ್ದರು. ಕಾಲು ಉಳುಕಿತ್ತು. ಆ ಹೊತ್ತಿಗೆ ಕಿಟಕಿಯಲ್ಲೂ ಸಿಗ್ನಲ್ ಇರಲಿಲ್ಲ. ಊರುಗೋಲು ಹಿಡಿದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಬೇಲಿಯ ದಣಪೆ ದಾಟಿ ಮೇಲಿನ ಬ್ಯಾಣದವರೆಗೆ (ಹುಲ್ಲುಗಾವಲು) ಹೋಗಿ ನನಗೆ ಫೋನ್ ಮಾಡಿದ್ದಾರೆ. ಆಗ ಗಂಟೆ 11:40. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಕಂಪನಿಗೆ ಮೂರು ಸಲ ದೂರು ಕೊಟ್ಟೆ. «ನಿಮ್ಮ ಪ್ರದೇಶದಲ್ಲಿ ಕವರೇಜ್ ಇದೆ» ಅಂತ ಮೆಸೇಜ್ ಬರುತ್ತದೆ, ದೂರು ಮುಚ್ಚುತ್ತಾರೆ. ಟವರ್ ಇಷ್ಟು ಹತ್ತಿರ ಇದ್ದೂ ಯಾಕೆ ಹೀಗೆ? ಏನಾದರೂ ದಾರಿ ಇದೆಯಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಕರೂರು ಹೋಬಳಿ · ಅಕ್ಟೋಬರ್ 24, ರಾತ್ರಿ 9:32

ಅಕ್ಕ, ನಾವು ಹಿನ್ನೀರಿನ ಈಚೆಯವರು, ಸಾಗರ ತಾಲ್ಲೂಕು. ಪರಿಸ್ಥಿತಿ ಒಂದೇ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ಲಾಂಚ್ ಕಾಯುವುದು ತಪ್ಪಿತು. ನಮ್ಮ ಮನೆಗೆ ಸಿಗ್ನಲ್ ಮಾತ್ರ ಇನ್ನೂ ಬಂದಿಲ್ಲ. 2021ರಲ್ಲಿ ನಮ್ಮ ಜಿಲ್ಲೆಯಲ್ಲಿ «ನೋ ನೆಟ್‌ವರ್ಕ್, ನೋ ವೋಟಿಂಗ್» ಅಂತ ಜನ ಎದ್ದಿದ್ದು ನೆನಪಿದೆ ಅಲ್ವಾ? ನಾನೂ ಬೋರ್ಡ್ ಹಿಡಿದು ನಿಂತಿದ್ದೆ. ಉತ್ತರ ಸಿಕ್ಕರೆ ನನಗೂ ಬೇಕು.

ಸಿಟಿ ಹುಡುಗ · ಅಕ್ಟೋಬರ್ 24, ರಾತ್ರಿ 9:50

ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ಸಿಗುತ್ತದೆ. ಒಂದು ತಂದು ಹಾಕಿ, ಐದು ಕಡ್ಡಿ ಬರುತ್ತದೆ.

ಟವರ್ ಕೆಲಸದವ · ಅಕ್ಟೋಬರ್ 24, ರಾತ್ರಿ 10:40

ಬೂಸ್ಟರ್ ಬೇಡ. ಅದನ್ನು ಮೊದಲು ಹೇಳಿಬಿಡುತ್ತೇನೆ. ಅನುಮತಿ ಇಲ್ಲದೆ ಅದನ್ನು ಮಾರುವುದೂ ಬಳಸುವುದೂ ಕಾನೂನಿಗೆ ವಿರುದ್ಧ. ಕಾನೂನು ಒಂದು ಕಡೆ ಇರಲಿ, ಕಳಪೆ ಬೂಸ್ಟರ್ ಏನು ಮಾಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದು ತಾನೇ ಕೂಗಿಕೊಳ್ಳಲು ಶುರು ಮಾಡುತ್ತದೆ, ಮೈಕ್ ಮತ್ತು ಸ್ಪೀಕರ್ ಎದುರುಬದುರು ಇಟ್ಟ ಹಾಗೆ. ಆ ಗಲಾಟೆಯಲ್ಲಿ ಟವರಿಗೆ ಬೇರೆ ಯಾರ ಫೋನೂ ಕೇಳಿಸುವುದಿಲ್ಲ. ಒಂದು ಮನೆಗೆ ಕಡ್ಡಿ ಬಂತು ಅಂತ ಇಡೀ ಊರಿನ ಕರೆ ಕೆಡುತ್ತದೆ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಮಲೆನಾಡು, ಕರಾವಳಿ ಕಡೆ 14 ವರ್ಷ ಟವರ್ ನಿರ್ವಹಣೆ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಜನ ಕೇಳುವ ಮೊದಲ ಪ್ರಶ್ನೆಯೇ «ಟವರ್ ಎಷ್ಟು ದೂರ» ಅಂತ. ಕೇಳಬೇಕಾದ್ದು «ಟವರಿಗೂ ಮನೆಗೂ ನಡುವೆ ಏನಿದೆ» ಅಂತ. ಹಳೇ 2ಜಿ ಲೆಕ್ಕದಲ್ಲಿ ಒಂದು ಟವರ್ 35 ಕಿಲೋಮೀಟರ್‌ವರೆಗೆ ಫೋನನ್ನು ಹಿಡಿಯಬಹುದು. ಸಮುದ್ರದ ಮೇಲೆ, ಬಯಲಿನಲ್ಲಿ ಅಂಥ ದೂರ ಸಿಗುವುದೂ ಇದೆ. ನಮ್ಮ ಕಡೆ ಒಂದು ಗುಡ್ಡದ ಭುಜ ಅಡ್ಡ ಬಂದರೆ ಒಂದೂವರೆ ಕಿಲೋಮೀಟರಿಗೇ ಕತೆ ಮುಗಿಯುತ್ತದೆ. ಮಣ್ಣು, ಬಂಡೆ ದಾಟಿ ಈ ಅಲೆ ಬರುವುದಿಲ್ಲ. ಗುಡ್ಡದ ನೆತ್ತಿ ಸವರಿ ಸ್ವಲ್ಪ ಬಾಗುತ್ತದೆ, ಅಷ್ಟೇ. ನಿಮ್ಮ ಮನೆ ಗುಡ್ಡದ ಬುಡಕ್ಕೇ ಅಂಟಿಕೊಂಡಿದ್ದರೆ ಅಷ್ಟು ಬಾಗಲು ಆಗುವುದಿಲ್ಲ. ಸ್ವಲ್ಪ ದೂರದ ಬಯಲಿನಲ್ಲಿ ಇದ್ದಿದ್ದರೆ ಬರುತ್ತಿತ್ತು.

ಇನ್ನೊಂದು ವಿಷಯ. ಟವರ್ ಅಂದರೆ ಬಲ್ಬ್ ಅಲ್ಲ, ಟಾರ್ಚ್. ಸಾಮಾನ್ಯವಾಗಿ ಮೂರು ಕಡೆಗೆ ಮೂರು ಆಂಟೆನಾ ಇರುತ್ತವೆ. ಒಂದೊಂದನ್ನೂ ಸ್ವಲ್ಪ ಕೆಳಗೆ ಬಾಗಿಸಿ, ಜನ ಜಾಸ್ತಿ ಇರುವ ಕಡೆ ತಿರುಗಿಸುತ್ತಾರೆ. ಪೇಟೆ, ಬಸ್ ಸ್ಟ್ಯಾಂಡ್, ಹೆದ್ದಾರಿ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಟವರಿಗೂ ಅದು ನಿಜ.

ತರಂಗದ ಉದ್ದವೂ ಲೆಕ್ಕಕ್ಕೆ ಬರುತ್ತದೆ. 700 ಮೆಗಾಹರ್ಟ್ಸ್ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. 900ರದ್ದು 33. 2300ರದ್ದು 13 ಸೆಂಟಿಮೀಟರ್ ಮಾತ್ರ. ಉದ್ದ ಅಲೆ ಮರ, ಗೋಡೆ, ಗುಡ್ಡದ ಅಂಚು ದಾಟಿ ಬರುವುದರಲ್ಲಿ ವಾಸಿ. ಗಿಡ್ಡ ಅಲೆಯಲ್ಲಿ ಡೇಟಾ ಜಾಸ್ತಿ ಹೋಗುತ್ತದೆ, ಆದರೆ ಒದ್ದೆ ಅಡಿಕೆ ಸೋಗೆ ಎದುರಿಗೆ ಸಿಕ್ಕರೂ ಸುಸ್ತಾಗುತ್ತದೆ. ಅದಕ್ಕೇ ಒಂದೇ ಕಂಬದಲ್ಲಿರುವ ಎರಡು ಕಂಪನಿಗಳಲ್ಲಿ ಒಂದು ನಿಮಗೆ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಅಕ್ಕ, ಮುಂದಿನ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಮೊದಲನೆಯದು, ಕಡ್ಡಿ ನೋಡಬೇಡಿ. ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ಗೆ ಹೋದರೆ ಮೈನಸ್ ಡಿಬಿಎಂ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಸಿಗ್ನಲ್ ಶಕ್ತಿಯ ಅಳತೆ. 4ಜಿಯಲ್ಲಿ ಮೈನಸ್ 85 ಅಂದರೆ ಚೆನ್ನಾಗಿದೆ. ಮೈನಸ್ 105 ಅಂದರೆ ಕಷ್ಟ. ಮೈನಸ್ 115 ದಾಟಿದರೆ ಕರೆ ಉಳಿಯುವುದಿಲ್ಲ. ಹತ್ತು ಅಂಕ ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ನೆನಪಿಡಿ. ಮನೆಯ ನಾಲ್ಕೂ ಕಡೆ, ಬ್ಯಾಣದಲ್ಲಿ, ಅಟ್ಟದ ಮೇಲೆ ಅಳೆದು ಬರೆದುಕೊಳ್ಳಿ. ಬೇರೆ ಕಂಪನಿಯ ಸಿಮ್ ಯಾರ ಹತ್ತಿರ ಇದ್ದರೂ ತಂದು ಅಳೆಯಿರಿ.

ಎರಡನೆಯದು, ಮಳೆ ಮಂಜು ಇಲ್ಲದ ರಾತ್ರಿ ಮನೆ ಸುತ್ತ ನಡೆದು ನೋಡಿ. ಟವರ್ ತುದಿಯಲ್ಲಿ ಕೆಂಪು ದೀಪ ಇರುತ್ತದೆ. ಎಲ್ಲಿಂದ ಅದು ಕಣ್ಣಿಗೆ ಕಾಣುತ್ತದೋ ಅಲ್ಲಿಗೆ ಸಿಗ್ನಲ್ ಬರುವ ದಾರಿ ಇದೆ ಅಂತ ಅರ್ಥ. ಹತ್ತಿರದ ಟವರಿನದ್ದೇ ಆಗಬೇಕಿಲ್ಲ.

ಮೇಷ್ಟ್ರು, ಸುಳ್ಯ · ಅಕ್ಟೋಬರ್ 25, ಬೆಳಗ್ಗೆ 6:20

ಕೆಂಪು ದೀಪದ ಮಾತು ನೂರಕ್ಕೆ ನೂರು ನಿಜ. ನಮ್ಮ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಲಿತರು. 2020, 2021ರಲ್ಲಿ ಶಾಲೆ ಮುಚ್ಚಿದಾಗ ಹಗಲಿಡೀ ಗುಡ್ಡದ ಮೇಲೆ ಇರುತ್ತಿದ್ದರು. ಯಾವ ಬಂಡೆ ಮೇಲೆ ಕೂತರೆ ಪಾಠ ಕೇಳುತ್ತದೆ, ಯಾವ ಮರದ ಬುಡದಲ್ಲಿ ಫೋಟೋ ಅಪ್‌ಲೋಡ್ ಆಗುತ್ತದೆ ಅಂತ ಅವರಿಗೆ ಬಾಯಿಪಾಠ ಆಗಿತ್ತು. 2021ರ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಒಂದು ಫೋಟೋ ದೇಶವೆಲ್ಲಾ ನೋಡಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಹುಡುಗಿ, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಅಪ್ಪ. ಅಂಥ ಅಪ್ಪಂದಿರು ನಮ್ಮಲ್ಲಿ ಒಬ್ಬರಲ್ಲ.

ನಾನು ಆಗ ಎಸ್ಸೆಸ್ಸೆಲ್ಸಿಗೆ ಗಣಿತ ಹೇಳುತ್ತಿದ್ದೆ. ಲೈವ್ ಪಾಠ ಬಿಟ್ಟು, ಐದೈದು ನಿಮಿಷದ ಧ್ವನಿ ಮುದ್ರಿಸಿ ಕಳಿಸತೊಡಗಿದೆ. ಮಕ್ಕಳು ಬೆಳಗ್ಗೆ ಒಂದೇ ಸಲ ಗುಡ್ಡ ಹತ್ತಿ ಇಳಿಸಿಕೊಂಡು ಮನೆಗೆ ಬಂದು ಕೇಳುತ್ತಿದ್ದರು. ಸಿಗ್ನಲ್ ದುರ್ಬಲ ಇರುವ ಮನೆಗೆ ಇದು ಈಗಲೂ ಕೆಲಸಕ್ಕೆ ಬರುತ್ತದೆ. ಅಮ್ಮನಿಗೆ ಧ್ವನಿ ಸಂದೇಶ ಕಳಿಸಿಡಿ, ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ತಾನಾಗಿ ತಲುಪುತ್ತದೆ.

ಬಯಲುಸೀಮೆ · ಅಕ್ಟೋಬರ್ 25, ಬೆಳಗ್ಗೆ 8:05

ನಮ್ಮದು ಕೊಪ್ಪಳ ಕಡೆ. ಗುಡ್ಡ ಇಲ್ಲ, ಐದಾರು ಕಿಲೋಮೀಟರ್ ಆಚೆಯ ಟವರ್ ಹೊಲದಿಂದಲೇ ಕಾಣುತ್ತದೆ. ಫುಲ್ ಕಡ್ಡಿ ಇರುತ್ತದೆ. ಆದರೆ ಜಾತ್ರೆ ದಿನ ಒಂದು ಚಹಾಕ್ಕೆ ಫೋನಿನಲ್ಲಿ ದುಡ್ಡು ಕೊಡಲು ಆಗುವುದಿಲ್ಲ. ಅದು ಬೇರೆ ರೋಗ ಅಲ್ವಾ ಅಣ್ಣ?

ಟವರ್ ಕೆಲಸದವ · ಅಕ್ಟೋಬರ್ 25, ಬೆಳಗ್ಗೆ 9:10

ಹೌದು, ಬೇರೆ ರೋಗ. ಒಂದೇ ಬಾವಿಗೆ ಸಾವಿರ ಕೊಡ ಇಳಿದ ಹಾಗೆ. ಬಾವಿಯಲ್ಲಿ ನೀರಿದೆ, ನಿಮ್ಮ ಸರದಿ ಬರುವುದಿಲ್ಲ.

«ಕಡ್ಡಿ ಇದೆ, ಕೆಲಸ ಇಲ್ಲ» ಅನ್ನುವುದಕ್ಕೆ ಮಲೆನಾಡಿನಲ್ಲಿ ಇನ್ನೂ ಎರಡು ಕಾರಣ ಇವೆ. ಒಂದು, ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ನಮ್ಮ ಫೋನಿನ ಗಂಟಲು ವ್ಯಾಟ್‌ನ ಐದನೇ ಒಂದು ಭಾಗ. ಟವರ್ ಮಾತು ನಮಗೆ ಕೇಳುತ್ತದೆ, ಕಡ್ಡಿ ತೋರಿಸುತ್ತದೆ. ನಮ್ಮ ಮಾತು ಟವರಿಗೆ ತಲುಪುವುದಿಲ್ಲ. ಕಿಟಕಿ ಹತ್ತಿರ ಒಂದು ಕಡ್ಡಿ ಇದ್ದೂ ಡಯಲ್ ಮಾಡಿದರೆ ಹೋಗದೆ ಇರುವುದು ಇದಕ್ಕೇ. ಫೋನ್ ಸಂಜೆಯೊಳಗೆ ಚಾರ್ಜ್ ಖಾಲಿ ಮಾಡುವುದೂ ಇದಕ್ಕೇ. ಪೂರ್ತಿ ಶಕ್ತಿ ಹಾಕಿ ಕೂಗುತ್ತಲೇ ಇರುತ್ತದೆ, ಟವರ್ ಹುಡುಕುತ್ತಲೇ ಇರುತ್ತದೆ.

ಎರಡು, ಟವರಿನಿಂದ ಆಚೆಗಿನ ದಾರಿ. ಎಷ್ಟೋ ಟವರಿಗೆ ನೆಲದ ಫೈಬರ್ ಇಲ್ಲ. ದುಂಡು ಡಿಶ್ ಇರುತ್ತದಲ್ಲ, ಅದು ಮುಂದಿನ ಗುಡ್ಡದ ಟವರಿಗೆ ಸುದ್ದಿ ಮುಟ್ಟಿಸುತ್ತದೆ, ಅದು ಅದರ ಮುಂದಿನದಕ್ಕೆ. ನಡುವೆ ಒಂದು ಟವರಿನ ಬ್ಯಾಟರಿ ಮುಗಿದರೆ ಹಿಂದಿನವೆಲ್ಲ ಸುಮ್ನೆ ನಿಂತ ಕಂಬಗಳು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಫೋನಿನ ಅಲೆಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ. ಡಿಶ್ ಬಳಸುವ ಅಲೆ ತೀರಾ ಗಿಡ್ಡ, ಅದಕ್ಕೆ ಜಡಿಮಳೆ ಗೋಡೆಯ ಹಾಗೆ. ಮಳೆಗಾಲದಲ್ಲಿ ಕರೆಂಟೂ ಹೋಗಿ, ಡಿಶ್ಶೂ ಸೋತು, ಡೀಸೆಲ್ ಕ್ಯಾನ್ ಹೊತ್ತು ಗುಡ್ಡ ಹತ್ತಿದ ರಾತ್ರಿಗಳು ನನಗೆ ಲೆಕ್ಕವಿಲ್ಲ. ದಾರಿ ಮೇಲೆ ಮರ ಬಿದ್ದಿರುತ್ತಿತ್ತು. ಕೆಳಗಿನ ಊರಿನವರೇ ಗರಗಸ ತಂದು ಕೊಯ್ದು ದಾರಿ ಬಿಡಿಸಿಕೊಡುತ್ತಿದ್ದರು.

ಜೋಯಿಡಾ ಆಶಾ · ಅಕ್ಟೋಬರ್ 25, ಮಧ್ಯಾಹ್ನ 2:45

ನಾನು ಆಶಾ ಕಾರ್ಯಕರ್ತೆ. ಹೆರಿಗೆ ನೋವು ಬಂದಾಗ ಆಂಬುಲೆನ್ಸಿಗೆ ಫೋನ್ ಮಾಡಲು ಮನೆಯ ಗಂಡಸು ಎರಡು ಕಿಲೋಮೀಟರ್ ಓಡುವುದನ್ನು ನೋಡಿದವಳು. ಅಕ್ಕ, ನಿಮ್ಮ ಅಮ್ಮನಿಗೆ ಒಂದು ವಿಷಯ ಈಗಲೇ ಹೇಳಿಕೊಡಿ. ಪರದೆ ಮೇಲೆ «ತುರ್ತು ಕರೆ ಮಾತ್ರ» ಅಂತ ಬಂದರೆ, ನಮ್ಮ ಕಂಪನಿಯ ಸಿಗ್ನಲ್ ಇಲ್ಲ, ಬೇರೆ ಕಂಪನಿಯದ್ದು ಇದೆ ಅಂತ ಅರ್ಥ. ಆಗ 112 ಒತ್ತಿದರೆ ಕರೆ ಸಿಕ್ಕ ಟವರಿನಿಂದಲೇ ಹೋಗುತ್ತದೆ. ಮಾಮೂಲಿ ನಂಬರ್ ಹೋಗುವುದಿಲ್ಲ, 112 ಹೋಗುತ್ತದೆ. ನಾನು ಮನೆ ಮನೆಗೆ ಹೋದಾಗ ಗೋಡೆ ಮೇಲೆ ಮಸಿಯಲ್ಲಿ ಬರೆಸಿ ಬರುತ್ತೇನೆ.

ಹಳ್ಳದಾಚೆ ಮನೆ · ಅಕ್ಟೋಬರ್ 25, ಸಂಜೆ 7:30

ಇದು ನನಗೆ ಗೊತ್ತೇ ಇರಲಿಲ್ಲ. ಅವತ್ತು ರಾತ್ರಿ ಕಿಟಕಿ ಹತ್ತಿರ ಹಾಗೆಯೇ ಬರೆದಿತ್ತಂತೆ. ಅಮ್ಮ ಅದನ್ನು ಓದಿ, ಏನು ಅಂತ ತಿಳಿಯದೆ ಬ್ಯಾಣಕ್ಕೆ ಹೊರಟಿದ್ದರು. ಶನಿವಾರ ಊರಿಗೆ ಹೋಗುತ್ತಿದ್ದೇನೆ.

ಸೊಪ್ಪಿನ ಬೆಟ್ಟ · ಅಕ್ಟೋಬರ್ 26, ಬೆಳಗ್ಗೆ 11:00

ಹೊಸ ಟವರ್ ಕೇಳುವ ಮೊದಲು ಒಂದು ಮಾತು. ಟವರ್ ರೇಡಿಯೇಷನ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? ನಮ್ಮ ಊರಿನಲ್ಲಿ ಅದಕ್ಕೇ ಬೇಡ ಅಂದೆವು.

ಪಂಚಾಯಿತಿ ಸದಸ್ಯೆ, ಶಿರಸಿ · ಅಕ್ಟೋಬರ್ 26, ಮಧ್ಯಾಹ್ನ 1:25

ನಮ್ಮಲ್ಲೂ ಇದೇ ಭಯ ಇತ್ತು, ಒಂದು ವರ್ಷ ಕೆಲಸ ನಿಂತಿತು. ಭಯಪಟ್ಟವರನ್ನು ನಾನು ಬೈಯುವುದಿಲ್ಲ. ಮಕ್ಕಳಿರುವ ಮನೆಯವರು ಕೇಳಬೇಕಾದ ಪ್ರಶ್ನೆ ಅದು. ಗ್ರಾಮಸಭೆಯಲ್ಲಿ ನಾವು ಹೇಳಿದ್ದು ಇಷ್ಟು. ಭಾರತದಲ್ಲಿ 2012ರಿಂದ ಟವರಿನ ವಿಕಿರಣಕ್ಕೆ ಇರುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ತರಂಗ್ ಸಂಚಾರ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಹತ್ತಿರದ ಟವರಿನ ವಿವರ ನೋಡಬಹುದು, ಅಳತೆ ಮಾಡಿಸಿ ಅಂತ ಅರ್ಜಿ ಕೂಡ ಹಾಕಬಹುದು. ಇನ್ನೊಂದು, ಸಿಗ್ನಲ್ ದುರ್ಬಲ ಇದ್ದಾಗ ಕಿವಿ ಪಕ್ಕದ ಫೋನ್ ತನ್ನ ಪೂರ್ತಿ ಶಕ್ತಿ ಹಾಕುತ್ತದೆ. ಇದನ್ನು ಹೇಳಿದ ಮೇಲೆ ಹಿರಿಯರು ಯೋಚನೆ ಮಾಡಿದರು.

ಹಳ್ಳದಾಚೆ ಮನೆಯವರ ದೂರು ಯಾಕೆ ಮುಚ್ಚಿಹೋಗುತ್ತದೆ ಅನ್ನುವುದಕ್ಕೂ ಉತ್ತರ ಹೇಳುತ್ತೇನೆ. ನಾನು ಮೂರು ವರ್ಷ ಅಲೆದ ಮೇಲೆ ತಿಳಿದದ್ದು. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 4ಜಿ ಇಲ್ಲದ 24,680 ಹಳ್ಳಿಗಳಿಗೆ ಅಂತ 26,316 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು. ನಮ್ಮ ಊರು ಪಟ್ಟಿಯಲ್ಲಿ ಇರಬಹುದು ಅಂತ ಆಸೆಯಿಂದ ನೋಡಿದೆ. ಇರಲಿಲ್ಲ. ಯಾಕೆಂದರೆ ಕಾಗದದಲ್ಲಿ ನಮ್ಮ ಊರಿಗೆ ಸಿಗ್ನಲ್ ಇದೆ! ಪಂಚಾಯಿತಿ ಕಟ್ಟಡದ ಎದುರು ನಿಂತರೆ ಬರುತ್ತದೆ, ನಿಜ. ಆದರೆ ನಮ್ಮ ಊರು ಅಂದರೆ ಬಯಲುಸೀಮೆಯ ಹಾಗೆ ಒಂದು ಕಡೆ ಗುಂಪಾಗಿ ಇರುವ ಊರಲ್ಲ. ಒಂದೇ ಗ್ರಾಮದ ಹೆಸರಲ್ಲಿ ಹನ್ನೊಂದು ಕೇರಿ, ನಡುವೆ ಎರಡು ಹಳ್ಳ, ಒಂದು ಕಾಡು. ಒಂದು ಕೇರಿಗೆ ಸಿಕ್ಕಿದ್ದನ್ನು ಹನ್ನೊಂದಕ್ಕೂ ಸಿಕ್ಕಿದೆ ಅಂತ ಬರೆದಿದ್ದಾರೆ.

ಅದಕ್ಕೆ ನಾವು ಊರಿನ ಹೆಸರಲ್ಲಿ ದೂರು ಕೊಡುವುದು ಬಿಟ್ಟೆವು. ಕೇರಿ ಕೇರಿಯ ಲೆಕ್ಕ ಮಾಡಿದೆವು. ಮನೆ ಎಷ್ಟು, ಜನ ಎಷ್ಟು, ನಕ್ಷೆಯಲ್ಲಿ ಆ ಕೇರಿಯ ಅಕ್ಷಾಂಶ ರೇಖಾಂಶ, ಅಲ್ಲಿ ಬರುವ ಡಿಬಿಎಂ. ಪಿಯುಸಿ ಮಕ್ಕಳು ಎರಡು ಭಾನುವಾರ ತಿರುಗಿ ಬರೆದು ತಂದರು. 2024ರ ಹೊಸ ನಿಯಮದ ಪ್ರಕಾರ ಕಂಪನಿಗಳು ತಮ್ಮ ಕವರೇಜ್ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು. ಆ ನಕ್ಷೆಯಲ್ಲಿ ನಮ್ಮ ಕೇರಿ ಇರುವ ಜಾಗದ ಚಿತ್ರ ತೆಗೆದು, ಮಕ್ಕಳ ಅಳತೆ ಪಕ್ಕದಲ್ಲಿಟ್ಟು, ಗ್ರಾಮಸಭೆ ಠರಾವು ಸೇರಿಸಿ ಕಂಪನಿಗೂ ಜಿಲ್ಲಾಧಿಕಾರಿ ಕಚೇರಿಗೂ ಸಂಸದರಿಗೂ ಕೊಟ್ಟೆವು. ಆಮೇಲೇ ಸರ್ವೆಗೆ ಜನ ಬಂದರು.

ಕರೂರು ಹೋಬಳಿ · ಅಕ್ಟೋಬರ್ 26, ಮಧ್ಯಾಹ್ನ 1:50

ಮೇಡಂ, ಆ ಅರ್ಜಿಯ ನಮೂನೆ ಇಲ್ಲಿ ಹಾಕುತ್ತೀರಾ?

ಪಂಚಾಯಿತಿ ಸದಸ್ಯೆ, ಶಿರಸಿ · ಅಕ್ಟೋಬರ್ 26, ರಾತ್ರಿ 8:15

ಹೆಸರುಗಳನ್ನು ತೆಗೆದು ನಾಳೆ ಹಾಕುತ್ತೇನೆ. ಅರಣ್ಯ ಜಾಗ ಬೇಡ, ಶಾಲೆ ಪಕ್ಕದ ಪಂಚಾಯಿತಿ ಜಾಗ ಇದೆ ಅಂತ ಮೊದಲೇ ಬರೆಯಿರಿ. ಕಾಡಿನ ಜಾಗವಾದರೆ ಅನುಮತಿಯಲ್ಲೇ ವರ್ಷಗಳು ಹೋಗುತ್ತವೆ.

ಹಳ್ಳದಾಚೆ ಮನೆ · ನವೆಂಬರ್ 2, ರಾತ್ರಿ 10:05

ಊರಿಂದ ಬಂದೆ. ಅಣ್ಣ ಹೇಳಿದ ಹಾಗೇ ಮಾಡಿದೆ, ಪೂರ್ತಿ ಬರೆಯುತ್ತೇನೆ.

ಅಮ್ಮನ ಸಿಮ್: ಜಗಲಿ ಕಿಟಕಿಯಲ್ಲಿ ಮೈನಸ್ 116. ಅಡುಗೆಮನೆಯಲ್ಲಿ ಸಂಖ್ಯೆಯೇ ಬರಲಿಲ್ಲ. ಅಂಗಳಕ್ಕೆ ಮಳೆಗಾಲದಲ್ಲಿ ಹಾಕಿದ ತಗಡಿನ ಚಪ್ಪರ ಇನ್ನೂ ಇತ್ತು. ಅದನ್ನು ಬಿಚ್ಚಿದ ಮೇಲೆ ಅದೇ ಕಿಟಕಿಯಲ್ಲಿ ಮೈನಸ್ 111 ಆಯಿತು! ತಗಡು ಇಷ್ಟು ತಡೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಶನಿವಾರ ರಾತ್ರಿ ಆಕಾಶ ತಿಳಿಯಾಗಿತ್ತು. ಟಾರ್ಚ್ ಹಿಡಿದು ಮನೆ ಸುತ್ತ ತಿರುಗಿದೆ. ಹಿಂದಿನ ಗುಡ್ಡದ ಕಡೆ ಬರೀ ಕತ್ತಲು. ಅಮ್ಮ ಜಗಲಿಯಿಂದ «ಏನು ಹುಡುಕುತ್ತಿದ್ದೀಯೇ» ಅಂತ ಕೇಳಿದರು. ಕೆಂಪು ದೀಪ ಅಂದೆ. «ಅದು ಆ ಕಡೆ ಅಲ್ಲ, ಕೊಟ್ಟಿಗೆ ಹಿಂದೆ ಬಾ, ದಿನಾ ಕಾಣುತ್ತದಲ್ಲ» ಅಂದರು. ಕೊಟ್ಟಿಗೆ ಹಿಂದೆ, ಗೊಬ್ಬರಗುಂಡಿ ಪಕ್ಕದ ದಿಬ್ಬದ ಮೇಲೆ ನಿಂತರೆ, ಎರಡು ಅಡಿಕೆ ಮರಗಳ ಸಂದಿಯಲ್ಲಿ, ಹಿನ್ನೀರಿನ ಆಚೆ ದಡದ ಮೇಲೆ ಸಣ್ಣ ಕೆಂಪು ಚುಕ್ಕೆ! ನಕ್ಷೆಯಲ್ಲಿ ಅಳೆದೆ, ಒಂಬತ್ತು ಕಿಲೋಮೀಟರ್ ದೂರ. ಅಮ್ಮ ಹಾಲು ಕರೆಯಲು ಹೋಗುವಾಗೆಲ್ಲ ಅದನ್ನು ನೋಡುತ್ತಿದ್ದರು.

ಭಾನುವಾರ ಅಡಿಕೆ ಕೊಯ್ಲಿಗೆ ಕೊನೆಗೌಡರು ಬಂದಿದ್ದರು. ಅವರ ಹತ್ತಿರ ಬೇರೆ ಕಂಪನಿಯ ಸಿಮ್ ಇತ್ತು. ಕೇಳಿದೆ, ಒಪ್ಪಿದರು. ಫೋನ್ ಅಂಗಿ ಜೇಬಿಗೆ ಹಾಕಿಕೊಂಡು ಕೊಟ್ಟಿಗೆ ಹಿಂದಿನ ಮರ ಹತ್ತಿದರು. ಕೆಳಗೆ ನಾನು ಪೆನ್ನು ಪುಸ್ತಕ ಹಿಡಿದು ನಿಂತೆ. ಆಳೆತ್ತರದಲ್ಲಿ «ನೂರಾ ಹದಿನಾಲ್ಕು». ಮನೆ ಮಾಡಿನ ಎತ್ತರದಲ್ಲಿ «ನೂರಾ ಏಳು». ಇನ್ನೂ ಮೇಲೆ ಹೋಗಿ, ಸೋಗೆ ಪಕ್ಕಕ್ಕೆ ಸರಿಸಿ, ಕೊಕ್ಕೆ ಮರಕ್ಕೆ ಸಿಕ್ಕಿಸಿ, ಕೈ ಚಾಚಿ ಫೋನ್ ಹಿಡಿದು ಕೂಗಿದರು: «ತೊಂಬತ್ತೆಂಟು! ಅಮ್ಮಾ, ತೊಂಬತ್ತೆಂಟು!» ಅಮ್ಮ ಅಂಗಳದಲ್ಲಿ ನಿಂತು ನಗುತ್ತಿದ್ದರು. ಬಹಳ ದಿನ ಆಗಿತ್ತು ಅವರು ಹಾಗೆ ನಕ್ಕು.

ಎರಡು ಕಿಲೋಮೀಟರ್ ಹತ್ತಿರದ ಟವರಿಗಿಂತ ಒಂಬತ್ತು ಕಿಲೋಮೀಟರ್ ದೂರದ್ದು ವಾಸಿ. ಈಗ ಏನು ಮಾಡಲಿ ಅಣ್ಣ? ಅಮ್ಮನ ನಂಬರ್ ಬದಲಾಯಿಸುವುದು ಕಷ್ಟ. ಬ್ಯಾಂಕ್, ಗ್ಯಾಸ್, ಸೊಸೈಟಿ ಎಲ್ಲದಕ್ಕೂ ಅದೇ ಕೊಟ್ಟಿದ್ದಾರೆ.

ಟವರ್ ಕೆಲಸದವ · ನವೆಂಬರ್ 3, ಬೆಳಗ್ಗೆ 7:00

ಓದಿ ತುಂಬಾ ಖುಷಿಯಾಯಿತು. ನಡುವೆ ನೀರು ಇರುವುದರಿಂದ ಅಡ್ಡಿ ಏನೂ ಇಲ್ಲ, ಅದಕ್ಕೇ ಅಷ್ಟು ದೂರದಿಂದ ಬರುತ್ತಿದೆ. ನಂಬರ್ ಬದಲಾಯಿಸುವುದು ಬೇಡ, ಪೋರ್ಟ್ ಮಾಡುವುದೂ ಬೇಡ.

ಆಂಟೆನಾ ಸಿಕ್ಕಿಸುವ ಜಾಗ ಇರುವ 4ಜಿ ರೂಟರ್ ತನ್ನಿ. ಅದಕ್ಕೆ ಕೊನೆಗೌಡರದ್ದೇ ಕಂಪನಿಯ ಹೊಸ ಸಿಮ್ ಹಾಕಿ. ಒಂದೇ ದಿಕ್ಕಿಗೆ ನೋಡುವ ಆಂಟೆನಾ ಒಂದನ್ನು ಜಿಐ ಪೈಪಿನ ತುದಿಗೆ ಕಟ್ಟಿ, ಆ ಕೆಂಪು ದೀಪಕ್ಕೆ ಗುರಿ ಇಡಿ. ಇದು ಬೂಸ್ಟರ್ ಅಲ್ಲ. ರೂಟರ್ ಕೂಡ ಒಂದು ಫೋನೇ, ಆಂಟೆನಾ ಅದರ ಉದ್ದ ಕಿವಿ ಅಷ್ಟೇ.

ಆಮೇಲೆ ಅಮ್ಮನ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಈ ಸೌಲಭ್ಯ ನಮ್ಮ ದೇಶದಲ್ಲಿ 2019ರ ಕೊನೆಗೆ ಬಂತು. ಈಗಿನ ಬಹಳಷ್ಟು ಫೋನ್‌ಗಳಲ್ಲಿ ಇದೆ, ಆದರೂ ಒಮ್ಮೆ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಅದೇ ನಂಬರಿಗೆ ಬರುವ ಕರೆ ಮನೆಯ ವೈಫೈ ಮೂಲಕ ಬರುತ್ತದೆ, ಇಂಟರ್ನೆಟ್ ಯಾವ ಕಂಪನಿಯದ್ದಾದರೂ ಪರವಾಗಿಲ್ಲ.

ಕೇಬಲ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ತೆಳು ಆಂಟೆನಾ ಕೇಬಲ್ ಹತ್ತು ಮೀಟರ್ ಎಳೆದರೆ ಸಿಕ್ಕಿದ ಸಿಗ್ನಲ್‌ನ ಮುಕ್ಕಾಲಿಗೂ ಜಾಸ್ತಿ ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ರೂಟರನ್ನು ಅಟ್ಟದ ಮೇಲೆ, ಆಂಟೆನಾಕ್ಕೆ ಆದಷ್ಟು ಹತ್ತಿರ ಇಡಿ. ಆಂಟೆನಾ ಕೇಬಲ್ ಎರಡು ಮೂರು ಮೀಟರ್ ಸಾಕು. ಮರಕ್ಕೆ ಕಟ್ಟಬೇಡಿ, ಗಾಳಿಗೆ ಮರ ತೂಗಿದರೆ ಗುರಿ ತಪ್ಪುತ್ತದೆ.

ಪೈಪಿಗೆ ಅರ್ಥಿಂಗ್ ಕಡ್ಡಾಯ. ನಮ್ಮ ಕಡೆ ಏಪ್ರಿಲ್, ಮೇ ಸಿಡಿಲು ಗೊತ್ತಲ್ಲ. ತಂತಿ ಎಳೆದು ಮಣ್ಣಿಗೆ ಇಳಿಸಿ. ಗುಡುಗು ಶುರುವಾದರೆ ರೂಟರಿನ ಪ್ಲಗ್ ಕೀಳಲು ಅಮ್ಮನಿಗೆ ಹೇಳಿ. ರೂಟರನ್ನು ಇನ್ವರ್ಟರ್ ಲೈನಿಗೆ ಕೊಡಿ. ಇಷ್ಟಾದರೂ ಜೋಯಿಡಾದ ತಂಗಿ ಹೇಳಿದ 112 ಮರೆಯಬೇಡಿ. ಕರೆಂಟಿಲ್ಲದ ರಾತ್ರಿ ಅದೇ ಗತಿ.

ಹಳ್ಳದಾಚೆ ಮನೆ · ನವೆಂಬರ್ 23, ಸಂಜೆ 6:40

ಆಯಿತು! ಒಟ್ಟು ಖರ್ಚು 8,000 ರೂಪಾಯಿ ಒಳಗೆ. ಪೈಪ್ ನಿಲ್ಲಿಸಿದ್ದು ನಮ್ಮೂರಿನ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ. ಹಗಲಲ್ಲಿ ಆಚೆ ದಡದ ಟವರ್ ಮಂಜಿನಲ್ಲಿ ಕಾಣಲಿಲ್ಲ. ರಾತ್ರಿ ಏಳೂವರೆಗೆ ಕೆಂಪು ದೀಪ ನೋಡಿಕೊಂಡೇ ಗುರಿ ಇಟ್ಟೆವು. ಒಂದು ಬೆರಳು ಆಚೆ ಈಚೆ ತಿರುಗಿಸಿದರೂ ನಾಲ್ಕೈದು ಅಂಕ ಬದಲಾಗುತ್ತಿತ್ತು. ಈಗ ರೂಟರಿನಲ್ಲಿ ಮೈನಸ್ 93.

ಇವತ್ತು ಬೆಳಗ್ಗೆ ನಾನು ಬೆಂಗಳೂರಿನ ಬಸ್ಸಿಂದ ಇಳಿಯುತ್ತಿದ್ದೆ, ಅಮ್ಮನ ಫೋನ್ ಬಂತು. ಹಿಂದಿನಿಂದ ದೋಸೆ ಹುಯ್ಯುವ ಚುಂಯ್ ಸದ್ದು. ಎಲ್ಲಿದ್ದೀಯಮ್ಮಾ ಅಂದೆ. «ಒಲೆ ಮುಂದೆ» ಅಂದರು. ಕಿಟಕಿಯ ಚೀಲ ಬಿಚ್ಚಿ ತೊಳೆದು ಹಾಕಿದ್ದಾರಂತೆ.

112ನ್ನು ಬಚ್ಚಲಮನೆ ಬಾಗಿಲ ಮೇಲೂ ಬರೆದು ಬಂದಿದ್ದೇನೆ. ಎಲ್ಲರಿಗೂ ಕೈಮುಗಿದು ಧನ್ಯವಾದ. ಶಿರಸಿ ಮೇಡಂ, ನಮ್ಮ ಕೇರಿಯ ಏಳು ಮನೆಯ ಅಳತೆ ಬರೆದಿಟ್ಟಿದ್ದೇನೆ. ಮುಂದಿನ ಗ್ರಾಮಸಭೆಗೆ ಅಮ್ಮನೇ ಅರ್ಜಿ ಕೊಡುತ್ತಾರೆ. ಎಲ್ಲ ಮನೆಗೂ 8,000 ಹಾಕಲು ಆಗುವುದಿಲ್ಲ ಅಲ್ವಾ.

ಜೋಯಿಡಾ ಆಶಾ · ನವೆಂಬರ್ 23, ರಾತ್ರಿ 8:20

ಕಣ್ಣಲ್ಲಿ ನೀರು ಬಂತು ಅಕ್ಕ.

ಕರೂರು ಹೋಬಳಿ · ನವೆಂಬರ್ 23, ರಾತ್ರಿ 8:55

ನಮ್ಮ ಮನೆಯಿಂದ ಎರಡು ಕೆಂಪು ದೀಪ ಕಾಣುತ್ತವೆ, ನಿನ್ನೆ ನೋಡಿದೆ. ಯಾವುದು ವಾಸಿ ಅಂತ ಅಳೆಯಬೇಕು. ನಿಮ್ಮ ಕೊನೆಗೌಡರು ನಮ್ಮ ಕಡೆಯ ತೋಟಕ್ಕೂ ಬರುತ್ತಾರಾ?

ಹಳ್ಳದಾಚೆ ಮನೆ · ನವೆಂಬರ್ 24, ಬೆಳಗ್ಗೆ 7:10

ಕೇಳಿದೆ. ಬುಧವಾರ ನಿಮ್ಮ ಪಕ್ಕದ ಊರಿನಲ್ಲೇ ಕೊಯ್ಲು ಇದೆಯಂತೆ, ಮುಗಿಸಿ ಬರುತ್ತಾರೆ. ಡಿಬಿಎಂ ಕಾಣುವ ಪುಟ ಮೊದಲೇ ತೆರೆದು, ಪರದೆ ಆರದ ಹಾಗೆ ಮಾಡಿ ಫೋನ್ ಕೊಡಿ. ಮರದ ತುದಿಯಲ್ಲಿ ಒಂದೇ ಕೈ ಖಾಲಿ ಇರುತ್ತದೆ.